ಕಣ್ಣು ಮುಚ್ಚಿ ಕೂತವಳ ಫೋಟೋ

ಯಾಶ್ ನಗರ, ಫೆಬ್ರವರಿ ೧೧

ಪ್ರೀತಿಯ ಅಮ್ಮಾ,

ಖಾಲಿ ಜಾಡಿಗಳ ಜೊತೆ ನಮ್ಮೂರ ಮಿನಿಬಸ್ಸು ಓಡಿಸುವ ನೆಕುಲಾಯ್ ಮಾಮನ ಕೈಲಿ ಈ ಕಾಗದ ಕಳಿಸುತ್ತಿದ್ದೇನೆ. ನೀನು ಕಳಿಸಿದ ಸುಟ್ಟ ಬದನೆಕಾಯಿ ಗೊಜ್ಜನ್ನು ನನ್ನ ರೂಮಿನ ಕಾತ್ರಿನೆಲ್ ಒಬ್ಬಳೇ ತಿಂದು ಮುಗಿಸಿದಳು. ನನಗೆ ಈಚೆಗೆ ಗಂಟಲಲ್ಲಿ ಏನೂ ಇಳಿಯುತ್ತಿಲ್ಲ.

ಕಾಲೇಜಿನವರು ತೆಗೆದ ನನ್ನ ಯೋಗದ ಫೋಟೋಗೆ ಚೌಕಟ್ಟು ಹಾಕಿಸಿ ಅಡುಗೆಮನೆಯಲ್ಲಿ ಇಟ್ಟಿದ್ದೀಯಂತೆ. ಅದನ್ನು ನೋಡಿದ ಮೇಲೆ ನಿನ್ನ ಚಿಂತೆಯೆಲ್ಲ ಹೋಯಿತು ಅಂತ ನೀನೇ ಹೇಳಿದೆ. ಅದಕ್ಕೇ ಇಷ್ಟು ದಿನ ಬಾಯಿ ಬಿಡಲಿಲ್ಲ.

ಮೆಡಿಕಲ್ ಓದುವ ಮಕ್ಕಳು ಹೆದರಿ ಹೆದರಿ ಸಾಯುತ್ತಾರೆ ಎಂದು ನಮ್ಮ ಕಾಲೇಜಿನ ಸ್ಮರಾಂದ ಮೇಡಂ ಜಿಮ್ಮಿನಲ್ಲಿ ಯೋಗ ಹೇಳಿಕೊಡಲು ಶುರು ಮಾಡಿದರು. ಒಳ್ಳೆಯ ಹೆಂಗಸು. ಕೆಟ್ಟ ಯೋಚನೆ ಬಂದರೆ ತಡೆಯಬೇಡಿ, ಉಸಿರಿನ ಮೇಲೆ ಗಮನ ಇಡಿ, ತಾನಾಗಿ ಹೋಗುತ್ತದೆ ಅನ್ನುತ್ತಿದ್ದರು. ಕಾತ್ರಿನೆಲ್‌ಗೆ ನಿಜವಾಗಿಯೂ ಹೋಯಿತು. ಉಗುರು ಕಚ್ಚುವುದನ್ನೂ ಬಿಟ್ಟಳು. ನನ್ನ ಹತ್ತಿರ ಬಂದ ಯೋಚನೆಗಳು ಹೋಗಲಿಲ್ಲ. ಕಣ್ಣು ಮುಚ್ಚಿದರೆ ಸಾಕು, ನೀನು ಫೇಲಾಗುತ್ತೀಯ, ನೀನು ಯಾರಿಗೂ ಬೇಡದವಳು ಅನ್ನುವುದು ಇನ್ನೂ ಸ್ಪಷ್ಟವಾಗಿ ಕೇಳುತ್ತಿತ್ತು. ಗಮನಿಸಿದಷ್ಟೂ ಉಸಿರು ಕಟ್ಟುತ್ತಿತ್ತು. ಆದರೆ ಅಲ್ಲಾಡದೆ ಕೂರುವುದು ನನಗೆ ಚೆನ್ನಾಗಿ ಬರುತ್ತದಮ್ಮ. ಎಲ್ಲರೂ ಅದನ್ನೇ ಶಾಂತಿ ಅಂದುಕೊಂಡರು. "ಏನೇ ಸನ್ಯಾಸಿನಿ, ನಮ್ಗೂ ಸೇರಿಸಿ ಒಂದು ಪ್ರಾರ್ಥನೆ ಮಾಡೇ" ಎಂದು ಕಾತ್ರಿನೆಲ್ ಛೇಡಿಸುತ್ತಿದ್ದಳು.

ಆಮೇಲೆ ಮೇಡಂ, ಯೋಗಕ್ಕೆ ಬಂದ ಹೊಸಬರಿಗೆ ನಾಲ್ಕು ಮಾತು ಹೇಳು ಅಂದರು. ಹೇಳಿದೆ. ಚಪ್ಪಾಳೆ ತಟ್ಟಿದರು. ಒಬ್ಬ ಹುಡುಗಿ ಹಿಂದೆಯೇ ಬಂದು, ನಿಮ್ಮ ಹಾಗೆ ಆಗಲು ಎಷ್ಟು ದಿನ ಬೇಕು ಎಂದು ಕೇಳಿದಳು. ಟ್ರಾಮಿಗೆ ಹೊತ್ತಾಯಿತು ಎಂದು ಹೇಳಿ ತಪ್ಪಿಸಿಕೊಂಡೆ. ಮರುದಿನ ಅನಾಟಮಿ ಪರೀಕ್ಷೆಯ ಬಾಗಿಲ ತನಕ ಹೋಗಿ, ಒಳಗೆ ನನ್ನ ಹೆಸರು ಕೂಗಿದ್ದನ್ನು ಕೇಳಿಸಿಕೊಂಡು, ತಿರುಗಿ ಬಂದೆ. ಉಳಿದ ಪರೀಕ್ಷೆಗಳಿಗೂ ಹೋಗಲಿಲ್ಲ. ಬೆಳಿಗ್ಗೆ ಚೀಲ ಹಾಕಿಕೊಂಡು ಹೊರಟು, ಟ್ರಾಮಿನಲ್ಲಿ ಕೊನೆಯ ಸ್ಟಾಪಿನವರೆಗೆ ಹೋಗಿ ಕೂತು ಬರುತ್ತೇನೆ.

ನಿನ್ನೆ ಮೇಡಂ ಹತ್ತಿರ ಎಲ್ಲ ಹೇಳಿದೆ. ಅವರು ಪಕ್ಕದಲ್ಲಿ ಕೂರಿಸಿಕೊಂಡು ಪೂರ್ತಿ ಕೇಳಿದರು. ಕೊನೆಗೆ, "ಇದು ನನ್ನ ಕೈ ಮೀರಿದ್ದು ಮಗಳೇ. ಡಾಕ್ಟ್ರ ಹತ್ರ ನಾನೇ ಕರ್ಕೊಂಡು ಹೋಗ್ತೀನಿ. ಮೊದ್ಲು ಅಮ್ಮಂಗೆ ಹೇಳು" ಅಂದರು. ಹೇಳುತ್ತಿದ್ದೇನೆ. ಡಾಕ್ಟರ ಮೇಲೂ ನನಗೆ ನಂಬಿಕೆಯಿಲ್ಲ. ಯಾವುದರ ಮೇಲೂ ಇಲ್ಲ.

ಪರೀಕ್ಷೆ ಚೆನ್ನಾಗಾಯಿತು ಎಂದು ಅಕ್ಕಪಕ್ಕದವರಿಗೆ ಆಗಲೇ ಹೇಳಿದ್ದರೆ ಹಾಗೇ ಇರಲಿ ಬಿಡು.

ನಿನ್ನ
ಇಲಿಂಕ

ಇನ್ನೊಂದು ಮಾತು: ಇದನ್ನು ಓದಿ ಫೋನ್ ಮಾಡಬೇಡ. ಫೋನಿನಲ್ಲಿ ಚೆನ್ನಾಗಿದ್ದೇನೆ ಅಂತಲೇ ಹೇಳುತ್ತೇನೆ, ನೀನೂ ನಂಬುತ್ತೀಯ. ಬಂದುಬಿಡು. ಬಾಗಿಲು ತೆಗೆದು ನಾನು ನಕ್ಕರೂ ವಾಪಸ್ ಹೋಗಬೇಡ.