ಹಕ್ಕಿಗಳಷ್ಟೇ ಕೇಳಬೇಕು

ಸೋಮವಾರ, ಮಧ್ಯಾಹ್ನ

ನನ್ನ ಮುದ್ದು ಮುದ್ದು ಅಮ್ಮಾ,

ಎಲ್ಲಿಂದ ಶುರು ಮಾಡಲಿ! ಮದುವೆಯಾಗಿ ಇನ್ನೂ ತಿಂಗಳಾಗಿಲ್ಲ, ಖುಷಿ ಹೇಳಿಕೊಳ್ಳಲು ಪುಟ ಸಾಲುತ್ತಿಲ್ಲ. ನಮ್ಮ ರೂಮಿನ ಪರದೆಗಳು ತಿಳಿ ಹಸಿರು, ನಾನೇ ಆರಿಸಿದ್ದು. ನಿನ್ನ ಅಳಿಯ ಆಫೀಸಿನಿಂದ ಬಂದವರೇ, ಶೂ ಬಿಚ್ಚುವ ಮೊದಲು, “ಬಂಗಾರಿ, ಎಲ್ಲಿದ್ದೀಯೇ?” ಅಂತ ಕೂಗುತ್ತಾರೆ. “ನಿನ್ನ ಬಂಗಾರಿನ ಯಾರೂ ಕದ್ಕೊಂಡು ಹೋಗಿಲ್ಲ, ಮೊದ್ಲು ಕೈಕಾಲು ತೊಳ್ಕೋ” ಅನ್ನುತ್ತಾರೆ ಅತ್ತೆ, ಅಡುಗೆಮನೆಯಿಂದಲೇ. ಅತ್ತೆಗೆ ನಿನ್ನ ಫೋಟೋ ಅಂದರೆ ಬಹಳ ಇಷ್ಟ. ಹಾಲ್‌ನ ಗೋಡೆಗೆ ಹಾಕಿಸಿದ್ದಾರೆ, ಧೂಳನ್ನು ತಾವೇ ಒರೆಸುತ್ತಾರೆ. ಮದುವೆಗೆ ಕರೆಸಲಿಲ್ಲ ಅಂತ ಬೇಜಾರಿಲ್ಲ ತಾನೇ? ಅಷ್ಟು ಜನ, ಅಷ್ಟು ಗಲಾಟೆ ನಿನಗೆ ಆಗಿಬರುವುದಿಲ್ಲ.

ಈಗ ದೊಡ್ಡ ಸುದ್ದಿ. ನಿನ್ನ ಅಳಿಯನ ಕೆಲಸ ಏನು ಗೊತ್ತಾ? ಕಾಡಿನ ನಡುವೆ ಆರೋಗ್ಯ ಪ್ರವಾಸದ ತಾಣಗಳನ್ನು ಯೋಜಿಸುವುದು. ಪೇಟೆಯಲ್ಲಿ ನಿದ್ದೆಗೆಟ್ಟವರು ಅಲ್ಲಿಗೆ ಬಂದು, ಫೋನನ್ನು ಆಫೀಸಿಗೆ ಒಪ್ಪಿಸಿ, ಮರಗಳ ಕೆಳಗೆ ಬರಿಗಾಲಲ್ಲಿ ನಡೆದು, ಸುಮ್ಮನೆ ಉಸಿರಾಡಿ ಹೋಗುತ್ತಾರೆ. ಹೊಸದಾಗಿ ಕಟ್ಟಲು ಮರ ಕಡಿಯುವಂತಿಲ್ಲವಂತೆ. ಕಾಡಿನೊಳಗೆ ಆಗಲೇ ಇರುವ ಕಟ್ಟಡವೇ ಬೇಕು. ಅಂಥದ್ದೊಂದು ಸಿಗದೆ ಪಾಪ, ಸರಿಯಾಗಿ ಊಟವನ್ನೇ ಮಾಡುತ್ತಿರಲಿಲ್ಲ. ನನಗೆ ತಡೆಯಲಾಗಲಿಲ್ಲ, ಬಾಯಿಂದ ಬಂದೇಬಿಟ್ಟಿತು. ಕಾಡಿನಲ್ಲಿ ಮಾನಸಿಕ ರೋಗಿಗಳನ್ನು ನೋಡಿಕೊಳ್ಳುವ ಹಳೆಯ ಮನೆಯೊಂದಿದೆಯಂತೆ, ಎಲ್ಲೋ ಓದಿದ್ದೆ ಅಂದೆ.

ನಿಮ್ಮ ಮನೆ ಅಮ್ಮಾ! ನಿನ್ನ ವರಾಂಡ, ನಿನ್ನ ಕಿಟಕಿ! ಅದನ್ನು ನಡೆಸುವ ಟ್ರಸ್ಟಿನವರು ಒಪ್ಪಿದ್ದೂ ಆಯಿತು. ನಿನ್ನ ರೂಮೇ ಎಲ್ಲಕ್ಕಿಂತ ಚೆನ್ನಾಗಿದೆಯಂತೆ. ನಕ್ಷೆಯಲ್ಲಿ ನೋಡಿದೆ, ನಿನ್ನ ಮಂಚ ಇರುವಲ್ಲಿ ಬಾತ್‌ಟಬ್ ಬರುತ್ತದೆ. ನಿಮ್ಮನ್ನೆಲ್ಲ ಪೇಟೆಯ ದೊಡ್ಡ ಆಸ್ಪತ್ರೆಯ ಮೇಲಿನ ಮಹಡಿಗೆ ಸೇರಿಸುತ್ತಾರೆ. ಅಲ್ಲಿ ಕಿಟಕಿಗಳು ಸೂರಿನ ಹತ್ತಿರ, ಮರ ಗಿರ ಏನೂ ಕಾಣುವುದಿಲ್ಲ. “ಎಲೆಗಳು ನನ್ನ ವಿಷಯವೇ ಮಾತಾಡಿಕೊಳ್ಳುತ್ತವೆ” ಅಂತ ನೀನೇ ದೂರುತ್ತಿದ್ದೆಯಲ್ಲ, ಒಳ್ಳೆಯದೇ ಆಯಿತು.

ಒಂದೇ ಒಂದು ತೊಡಕು. ಯಾವುದೇ ಜಾಗ ಪಾಸಾಗುವ ಮೊದಲು ಇವರ ಕಂಪನಿಯವರು ಅಲ್ಲಿನ ಬೆಳಗಿನ ಜಾವದ ಸದ್ದನ್ನು ರೆಕಾರ್ಡ್ ಮಾಡಿ ತರುತ್ತಾರೆ. ಬಂಡವಾಳ ಹಾಕುವವರು ಕಣ್ಣು ಮುಚ್ಚಿ ಅದನ್ನು ಕೇಳಿ ತೀರ್ಮಾನಿಸುತ್ತಾರೆ. ಹಕ್ಕಿಗಳಷ್ಟೇ ಕೇಳಬೇಕು. ಮೊನ್ನೆ ಊಟದ ಹೊತ್ತಿನಲ್ಲಿ ಇವರು ನಿಮ್ಮಲ್ಲಿನ ರೆಕಾರ್ಡಿಂಗ್ ಅನ್ನು ನಮಗೂ ಹಾಕಿ ಕೇಳಿಸಿದರು. ತಂಗಾಳಿ, ಹಕ್ಕಿ, ಆಹಾ ಅನ್ನುವಷ್ಟರಲ್ಲಿ, “ಚಿನಕುರಳೀ! ಏಳೇ, ಸ್ಕೂಲ್ ವ್ಯಾನ್ ಬಂತು! ಜಡೆ ಹಾಕ್ಬೇಕು, ಏಳೇ!” ಮತ್ತೆ ಮತ್ತೆ ಅದೇ. ನೀರು ಕುಡಿಯುತ್ತಿದ್ದ ಮಾವನಿಗೆ ನೆತ್ತಿಗೇರಿತು. “ಯಾವ ಸೋಮಾರಿ ಹುಡುಗೀನೋ, ಇನ್ನೂ ಎದ್ದಿಲ್ವಲ್ಲೋ!” ಅಂದರು ಅತ್ತೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಎಷ್ಟು ನಕ್ಕೆ ಅಂದರೆ ಕಣ್ಣಲ್ಲಿ ನೀರು ಬಂತು. ನಿನ್ನ ಅಳಿಯ ತಮ್ಮ ಕರ್ಚೀಫಿನಿಂದಲೇ ಒರೆಸಿದರು. ಅಷ್ಟು ಒಳ್ಳೆಯವರು!

ಶುಕ್ರವಾರ ಬೆಳಿಗ್ಗೆ ಮತ್ತೊಮ್ಮೆ ರೆಕಾರ್ಡಿಂಗ್ ಇದೆ. ಅವತ್ತೊಂದು ದಿನ ಕೂಗಬೇಡ, ನನ್ನ ರಾಣಿ. ನಾನೂ ಇವರ ಜೊತೆ ಬರುತ್ತೇನೆ. ಹಳದಿ ಕೊಡೆ ಹಿಡಿದಿರುತ್ತೇನೆ. ಕಿಟಕಿಯಿಂದಲೇ ನೋಡು. ಕೆಳಗೆ ಬರಬೇಡ, ಮೆಟ್ಟಿಲು ಜಾರುತ್ತದೆ.

ಎಂದೆಂದಿಗೂ ನಿನ್ನವಳೇ ಆದ
ಚಿನಕುರಳಿ

ತಾ.ಕ.: ಮೇಟ್ರನ್ ಅವರೇ, ಅಮ್ಮನಿಗೆ ಸಹಿಯವರೆಗೆ ಮಾತ್ರ ಓದಿ ಹೇಳಿ. ಇದು ನಿಮಗೆ. ನಾನು ಹೈಸ್ಕೂಲಿನಲ್ಲಿದ್ದಾಗಲೇ ಅಮ್ಮ ತೀರಿಕೊಂಡಳು ಅಂತ ಈ ಮನೆಯಲ್ಲಿ ಹೇಳಿದ್ದೇನೆ, ದಯವಿಟ್ಟು ಇಲ್ಲಿಗೆ ಫೋನ್ ಮಾಡಬೇಡಿ. ಗುರುವಾರ ರಾತ್ರಿ ನಿದ್ದೆಯ ಮಾತ್ರೆ ಒಂದು ಹೆಚ್ಚಿಗೇ ಕೊಡಿ. ಅಷ್ಟಾಗಿಯೂ ಎದ್ದು ಕೂಗಲು ಹೊರಟರೆ, ಚಿನಕುರಳಿ ಆಗಲೇ ಜಡೆ ಹಾಕಿಸಿಕೊಂಡು ವ್ಯಾನ್ ಹತ್ತಿದಳು ಅಂದುಬಿಡಿ. ನಾನೇ ಹೇಳಿ ಕಳಿಸಿದ್ದೇನೆ ಅನ್ನಿ. ನನ್ನ ಮಾತನ್ನು ಅವಳು ಯಾವತ್ತೂ ನಂಬದೆ ಇದ್ದಿಲ್ಲ.