ಮಾವನ ಎಣ್ಣೆಡಬ್ಬಿ

ಸೇಂಟ್ ಜಾನ್ ಕಣಿವೆ, ಮೇನ್
17 ನವೆಂಬರ್ 1971

ನನ್ನ ಮುದ್ದಿನ ಅಕ್ಕ ಒಡೀಲ್,

ಮೊದಲು ನನ್ನನ್ನು ಬೈದು ಮುಗಿಸಿಬಿಡು, ಕಾಯುತ್ತೇನೆ. ಆಯಿತೆ? ಮದುವೆಯ ಮರುದಿನವೇ ಬರೆಯುತ್ತೇನೆಂದವಳು ಆರು ವಾರ ಸುಮ್ಮನಿದ್ದುಬಿಟ್ಟೆ. ಏನು ಮಾಡಲಿ, ಸುಖವಾಗಿದ್ದೆ! ರೊಸೇರ್ ಬೆಳಿಗ್ಗೆ ಕಾಲುಚೀಲ ಹುಡುಕುವಾಗ ಎಷ್ಟು ಚೆಂದ ಕಾಣುತ್ತಾನೆಂದರೆ, ನಾನು ಬೇಕೆಂದೇ ಒಂದನ್ನು ಬಚ್ಚಿಡುತ್ತೇನೆ. ನೀನು ನಗುತ್ತಿರುವುದು ಇಲ್ಲಿಗೇ ಕೇಳಿಸುತ್ತಿದೆ. ನಿನ್ನ ಪುಟ್ಟ ಲ್ಯೂಕನಿಗೆ ಹಲ್ಲು ಬಂತೆ?

ನಮ್ಮ ಮನೆಗೆ ಮಾಡು ಹೊದಿಸುವವರೆಗೆ ಅತ್ತೆ ಮಾವನ ಜೊತೆಯಲ್ಲೇ ವಾಸ. ಅಕ್ಕ, ಇಂಥ ಜನ ಇರುತ್ತಾರೆಂದು ನಾನು ಅಂದುಕೊಂಡಿರಲಿಲ್ಲ. ಮಾವ ತಮಗೆ ಗೊತ್ತಿಲ್ಲದ್ದನ್ನೆಲ್ಲ ಏರುದನಿಯಲ್ಲಿ ಹೇಳುತ್ತಾರೆ. ಮೈದುನ ನೋರ್ಮಾಂ ಅದನ್ನೇ ಇನ್ನೂ ಏರುದನಿಯಲ್ಲಿ ಒಪ್ಪುತ್ತಾನೆ. ಅತ್ತೆ ಇಬ್ಬರ ತಟ್ಟೆಗೂ ಇನ್ನೊಂದು ಬಕ್‌ವೀಟ್ ಹಿಟ್ಟಿನ ದೋಸೆ ಹಾಕುತ್ತಾರೆ. ನೀನೂ ನಾನೂ ಇಂಗ್ಲಿಷ್ ಶಾಲೆಯಲ್ಲಿ ಓದಿದವರಲ್ಲವೆ, ಇವರದೋ ಬರೀ ಫ್ರೆಂಚು, ಅದಕ್ಕೆ ನನ್ನ ಹೆಸರು ಇಲ್ಲಿ ಮಹಾರಾಣಿ. "ಮಹಾರಾಣಿಗೆ ಉಪ್ಪು ಕೊಡ್ರೋ, ಅವರು ಫ್ರೆಂಚಲ್ಲಿ ಉಪ್ಪು ಅನ್ನೋದನ್ನ ಮರ್ತಿರ್ತಾರೆ!" ಇದು ಇವರ ಪ್ರಕಾರ ಭಾರೀ ಜೋಕು. ಪ್ರತಿ ಊಟಕ್ಕೂ ಇದೇ.

ಈಗ ನಿಜವಾದ ಸುದ್ದಿ. ಮಾವ ತಮ್ಮ ಬೇಟೆಯ ರೈಫಲನ್ನು ರೊಸೇರನಿಗೆ ಮದುವೆಯ ಉಡುಗೊರೆಯಾಗಿ ಕೊಟ್ಟರು. ಒಂದು ಗುಂಡು ಹಾರಿದ ಕೂಡಲೇ ಖಾಲಿ ತೋಟೆಯನ್ನು ತಾನೇ ಹೊರಗೆಸೆದು ಮುಂದಿನದನ್ನು ತುಂಬಿಕೊಳ್ಳುವ ಜಾತಿಯದು. ಋತುವಿನ ಮೊದಲ ಶನಿವಾರ ರೊಸೇರನ ಮುಂದೆ ಎಂಟು ಕವಲಿನ ಕೊಂಬಿನ ಗಂಡು ಜಿಂಕೆ ಬಂದು ನಿಂತಿತಂತೆ. ಮೊದಲ ಗುಂಡು ಮರದ ಕೊಂಬೆಗೆ ತಾಗಿತು. ಎರಡನೆಯದು ಹಾರಲೇ ಇಲ್ಲ. ಖಾಲಿ ತೋಟೆ ಅರ್ಧ ಹೊರಗೆ ಬಂದು, ಬಾಗಿಲಿಗೆ ಸಿಕ್ಕ ಬೆರಳಿನಂತೆ ಕಚ್ಚಿಕೊಂಡು ನಿಂತಿತ್ತು. ಜಿಂಕೆ ನೋಡುವಷ್ಟು ನೋಡಿ ನಡೆದುಕೊಂಡೇ ಹೋಯಿತು.

ಗುರಿ ತಪ್ಪಿದವನ ಅಂಗಿಯ ಹಿಂಭಾಗ ಕತ್ತರಿಸಿ ಬೇಟೆಮನೆಯ ಗೋಡೆಗೆ ಮೊಳೆ ಹೊಡೆದು ನೇತುಹಾಕುವ ಪದ್ಧತಿ ನಿನಗೆ ಗೊತ್ತೇ ಇದೆ. ನಾನು ಹೊಲಿದುಕೊಟ್ಟ ಕೆಂಪು ಚೌಕಳಿ ಅಂಗಿ, ಅಕ್ಕ! ನೋರ್ಮಾಂ ಕತ್ತರಿ ಹಾಕುತ್ತಾ, "ಮದ್ವೆ ಆದ್ಮೇಲೆ ಅಣ್ಣನ ಮಣಿಕಟ್ಟು ಸಡಿಲ ಆಗಿದೆ ಕಣ್ರೋ" ಅಂದನಂತೆ. ಅದಕ್ಕೂ ಎಲ್ಲರೂ ನಕ್ಕರಂತೆ. ಮಾವ ಮಾತ್ರ ನಗದೆ, "ಇನ್ನೊಂದ್ಸಲ ಹಿಂಗಾದ್ರೆ ರೈಫಲ್ಲು ನೋರ್ಮಾಂಗೆ. ನೀನು ಬೇಟೆಮನೇಲಿ ಬೀನ್ಸ್ ಬೇಯಿಸ್ಕೊಂಡಿರು" ಎಂದರಂತೆ. ರೊಸೇರ್ ಇದನ್ನು ಹೇಳುವಾಗ ಅವನ ಕಿವಿ ಕೆಂಪಾಗಿತ್ತು. ಆ ಕಿವಿ ನೋಡಿ ನನಗೆ ಅಳುವೇ ಬಂತು.

ಮಾವನ ಚಿಕಿತ್ಸೆ ಏನು ಗೊತ್ತೆ? ಎಣ್ಣೆ! ಅವರದೊಂದು ಎಣ್ಣೆಡಬ್ಬಿ ಇದೆ. ರೈಫಲ್ಲಿಗೂ ಅದೇ, ಬಾಗಿಲ ಕೀಲಿಗೂ ಅದೇ, ಹೊಲಿಗೆ ಯಂತ್ರಕ್ಕೂ ಅದೇ. ಸಿಕ್ಕ ಸಂದಿಗೆಲ್ಲ ಸುರಿದು, "ಎಣ್ಣೆ ಕುಡಿದಷ್ಟೂ ಕಬ್ಬಿಣ ಖುಷಿಯಾಗಿರ್ತದೆ" ಎಂದು ಸವರಿದರು. ನಾನು ಮೆಲ್ಲಗೆ, "ಮಾವ, ಈ ಚಳೀಲಿ ಎಣ್ಣೆ ಹೆಪ್ಪುಗಟ್ಟಲ್ವಾ? ಒಳಗೆ ಒಮ್ಮೆ ಉಜ್ಜಿ ನೋಡಿದ್ರೆ?" ಎಂದೆ. ಅವರು ನನ್ನ ಕಡೆ ತಿರುಗಲೂ ಇಲ್ಲ. ಅತ್ತೆ ಹೌಹಾರಿ, "ನೀನು ಮುಟ್ಬೇಡಮ್ಮಾ! ಬೇಟೆ ಟೈಮಲ್ಲಿ ಹೆಂಗಸು ಮುಟ್ಟಿದ ಬಂದೂಕಕ್ಕೆ ಜಿಂಕೆ ಬೀಳಲ್ಲ" ಎಂದರು. ಅಪ್ಪನ ರಿಪೇರಿ ಬೆಂಚಿನ ಕೆಳಗೆ ಆಡಿ ಬೆಳೆದ ನಮಗೆ ಈ ಮಾತು! ಊರ ಬಂದೂಕುಗಳ ಮಸಿ ನಮ್ಮ ಉಗುರಲ್ಲಿರುತ್ತಿತ್ತು, ಆದರೂ ಆಗ ಜಿಂಕೆಗಳು ಬೀಳುತ್ತಿದ್ದವಪ್ಪ.

ಭಾನುವಾರ ಬೇಟೆಗೆ ಕಾನೂನಿನಲ್ಲೇ ರಜೆ. ಎಲ್ಲರೂ ಪೂಜೆಗೆ ಹೊರಟರು. ನಾನು ತಲೆನೋವೆಂದು ಉಳಿದೆ. ಪಾದ್ರಿಗಳು ಕ್ಷಮಿಸಲಿ, ಅಷ್ಟು ಸಂತೋಷದ ತಲೆನೋವು ನನಗೆ ಹಿಂದೆಂದೂ ಬಂದಿರಲಿಲ್ಲ. ಅಡುಗೆಮನೆ ಮೇಜಿನ ಮೇಲೆ ಹಳೆಯ ಪತ್ರಿಕೆ ಹಾಸಿ, ಮೊದಲು ತೋಟೆಪೆಟ್ಟಿಗೆ ಕಳಚಿ, ಒಳಗೊಂದೂ ತೋಟೆ ಉಳಿದಿಲ್ಲವೆಂದು ಬೆರಳಿಟ್ಟು ನೋಡಿದೆ. ಅಪ್ಪ ಕೈಮೇಲೆ ಹೊಡೆದು ಕಲಿಸಿದ್ದು ಮರೆಯುವುದುಂಟೆ? ಆಮೇಲೆ ಒಂದೊಂದೇ ಭಾಗ ಬಿಚ್ಚಿದೆ. ಒಳಗೆ ಕಾಕಂಬಿ! ವರ್ಷಗಳ ಎಣ್ಣೆ, ಮಸಿ, ಪೈನ್ ಎಲೆಯ ಚೂರು, ಎಲ್ಲ ಸೇರಿ ಮಂದವಾಗಿ ಕೂತಿತ್ತು. ತೋಟೆ ಕೂರುವ ಗೂಡಿಗೆ ದ್ರಾವಣದಲ್ಲಿ ಅದ್ದಿದ ಗಟ್ಟಿ ಕುಂಚ ಹಾಕಿ ತಿರುಗಿಸಿದೆ. ಬಟ್ಟೆಚೂರು ಕಪ್ಪಾಗುವುದು ನಿಲ್ಲುವವರೆಗೆ ಒರೆಸಿದೆ. ಖಾಲಿ ತೋಟೆಯ ಅಂಚು ಹಿಡಿದು ಎಳೆಯುವ ಪುಟ್ಟ ಕೊಕ್ಕೆ ಇದೆಯಲ್ಲ, ಅದರ ಉಗುರಿನಡಿ ಕಲ್ಲಾಗಿದ್ದ ಕೊಳೆಯನ್ನು ಹಲ್ಲುಕಡ್ಡಿಯಿಂದ ಕೆದಕಿದೆ. ಪಾಪದ ಕೊಕ್ಕೆ, ಹಿಡಿಯಬೇಕೆಂದರೂ ಅದಕ್ಕೆ ಹಿಡಿತವೇ ಇರಲಿಲ್ಲ! ಗುಂಡಿನ ಹೊಗೆ ನುಗ್ಗುವ ಸಣ್ಣ ತೂತೂ ಅರ್ಧ ಮುಚ್ಚಿತ್ತು. ಕೊನೆಗೆ ಎಲ್ಲವನ್ನೂ ಒಣಗಿಸಿ, ಜಾರುವ ಕಡೆ ಮಾತ್ರ ಬೆರಳ ತುದಿಯಷ್ಟು ಎಣ್ಣೆ ಸವರಿ ಜೋಡಿಸಿದೆ. ಮಾವ ನೋಡಿದ್ದರೆ ಆ ಜಿಪುಣತನಕ್ಕೆ ಎದೆ ಒಡೆದುಕೊಳ್ಳುತ್ತಿದ್ದರು.

ಸಂಜೆ ಕೊಟ್ಟಿಗೆಯಲ್ಲಿ ರೊಸೇರನಿಗೆ ಎಲ್ಲ ಹೇಳಿದೆ. ಅವನು ರೈಫಲಿನ ಹಿಡಿ ಎಳೆದು ಬಿಟ್ಟ, ಮತ್ತೆ ಎಳೆದ. "ಇದು ನಮ್ಮಪ್ಪನ ರೈಫಲ್ಲೇನೇ? ಏನ್ ಮಾಟ ಮಾಡಿದ್ಯೇ?" ಎಂದು ನನ್ನನ್ನು ಎತ್ತಿ ತಿರುಗಿಸಿದ. ಹುಲ್ಲೆಲ್ಲ ನನ್ನ ಕೂದಲಿಗೆ!

ಸೋಮವಾರ ಮಧ್ಯಾಹ್ನ ಜಿಂಕೆ ಹೊತ್ತು ಬಂದ. ಮೊದಲ ಗುಂಡಿಗೆ ಓಡಿತಂತೆ, ಎರಡನೆಯದಕ್ಕೆ ಬಿತ್ತಂತೆ. ಖಾಲಿ ತೋಟೆಗಳು ಟಣ್ ಟಣ್ ಎಂದು ಹಿಮದ ಮೇಲೆ ಹಾರಿದವಂತೆ. ಮಾವ ವಿಸ್ಕಿ ತೆಗೆದರು. ರೈಫಲ್ ಇನ್ನು ರೊಸೇರನದೇ. ನೋರ್ಮಾಂನ ಮುಖ ನೀನು ನೋಡಬೇಕಿತ್ತು, ಹಳಸಿದ ಸಾರಿನ ಹಾಗೆ. ಮಾವ ಬೀಗುತ್ತಾ, "ನಾನು ಹೇಳ್ಲಿಲ್ವಾ? ಎಣ್ಣೆ!" ಎಂದರು. ನಾನು ಕಾಫಿ ಬಗ್ಗಿಸುತ್ತಾ ತುಟಿ ಕಚ್ಚಿಕೊಂಡೆ.

ಭಾವನಿಗೆ ನಮಸ್ಕಾರ ತಿಳಿಸು. ಲ್ಯೂಕನ ಎರಡೂ ಕೆನ್ನೆಗೆ ನನ್ನ ಮುತ್ತು. ನಿನ್ನ ಮನೆಯ ಮೇಲೆ ಮಾತೆ ಮರಿಯಳ ಕೃಪೆ ಸದಾ ಇರಲಿ. ನನ್ನ ಮನೆಯ ಮೇಲೂ ಇರಲೆಂದು ಬೇಡಿಕೊ.

ನಿನ್ನ ಹುಚ್ಚು ತಂಗಿ,
ಕ್ಲೆಮಾಂಸ್

ತಾಜಾಕಲಂ: ಲಕೋಟೆ ಅಂಟಿಸುವ ಮೊದಲು ಇದನ್ನೂ ಬರೆಯುತ್ತೇನೆ, ಇಲ್ಲದಿದ್ದರೆ ಮೇಲಿನದೆಲ್ಲ ಸುಳ್ಳಾಗುತ್ತದೆ. ಮಾವ ಎಣ್ಣೆ ಎಂದಾಗ ರೊಸೇರ್ ಸುಮ್ಮನಿರಲಿಲ್ಲ. "ಎಣ್ಣೆ ಅಲ್ಲಪ್ಪ. ನಾನೇ ಪೂರ್ತಿ ಬಿಚ್ಚಿ ತೊಳೆದೆ, ಕೊಕ್ಕೆಯಡಿ ಕೊಳೆ ಕಟ್ಟಿತ್ತು" ಎಂದ. ನನ್ನ ಮಾತು, ಅಕ್ಷರ ಬದಲಿಸದೆ. ನೋರ್ಮಾಂ, "ನೀನಾ? ಮಹಾರಾಣಿ ಮಾಡಿಕೊಟ್ರಾ?" ಎಂದು ಕೆಣಕಿದ. ರೊಸೇರ್ ಜೋರಾಗಿ ನಕ್ಕು, "ಇವಳಾ? ಇವಳಿಗೆ ಗುಂಡು ಯಾವ ಕಡೆಯಿಂದ ಬರುತ್ತೆ ಅಂತಾನೂ ಗೊತ್ತಿಲ್ಲ" ಎಂದ. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಾನೇ ನಕ್ಕೆ. ಆಮೇಲೆ ಅಡುಗೆಮನೆಗೆ ಬಂದು, "ಬೇಜಾರಿಲ್ಲ ತಾನೆ ಪುಟ್ಟಿ? ಅವರ ಮುಂದೆ ಹೆಂಗ್ ಹೇಳ್ಲಿ?" ಎಂದ. ಇಲ್ಲ ಎಂದೆ.

ಈಗ ಅವನು ಅಂಗಳದಲ್ಲಿ ಚರ್ಮ ಸುಲಿಯುತ್ತಾ ಶಿಳ್ಳೆ ಹಾಕುತ್ತಿದ್ದಾನೆ. ಕಿಟಕಿಯಿಂದ ನೋಡಿದರೆ ನನಗೆ ನಗು ಬರುತ್ತಿದೆ. ಈ ಮನೆಯ ಉಳಿದವರನ್ನು ನೋಡಿದಾಗ ಬರುವ ಅದೇ ನಗು, ಅಕ್ಕ. ಅವನ ಮೇಲೂ ಅದು ಬರಬಹುದೆಂದು ನಾನು ಎಣಿಸಿರಲಿಲ್ಲ.