ಚುಚ್ಚಿದವಳ ಸಹಿ

ಅಕ್ಕ,

ನೀನು ಡ್ಯೂಟಿ ಮುಗಿಸಿ ಬರುವಷ್ಟರಲ್ಲಿ ನಾನು ವಕೀಲರ ಹತ್ತಿರ ಹೋಗಿರುತ್ತೇನೆ. ಅಮ್ಮನ ಊಟ ಆಗಿದೆ, ನಿನ್ನದು ಮುಚ್ಚಿಟ್ಟಿದ್ದೇನೆ. ಅವಳಿಗೆ ಮಾತ್ರೆ ನೀನೇ ಕೊಡು. ಡಬ್ಬಿ ಮೇಲಿನ ಶೆಲ್ಫಿನಲ್ಲಿದೆ. ನನ್ನ ಕೈ ಅಲ್ಲಿಗೆ ಎಟುಕುವುದಿಲ್ಲ ಎಂದು ಗೊತ್ತಿದ್ದೂ ಅಲ್ಲೇ ಇಡುತ್ತೀಯ.

ಮೇಜಿನ ಮೇಲಿರುವ ಕಾಗದ ಓದು. ಲಸಿಕೆಯ ಸೂಜಿ ನನ್ನ ತೋಳಿನ ಸ್ನಾಯುವಿಗೆ ಹೋಗದೆ ಭುಜದ ಕೀಲಿಗೇ ಹೋಯಿತು ಎಂದು ಬರೆದಿದೆ. ಸ್ಕ್ಯಾನ್ ನೋಡಿದ ಡಾಕ್ಟರೂ ಅದನ್ನೇ ಹೇಳಿದರು. ಅವತ್ತು ನೀನು ಪಕ್ಕದ ನರ್ಸ್ ಜೊತೆ ಹರಟೆ ಹೊಡೆಯುತ್ತಲೇ ಚುಚ್ಚಿದೆ. ನೋವು ಎಂದರೆ, "ನಾಟಕ ಆಡ್ಬೇಡ, ಎರಡು ದಿನಕ್ಕೆ ಹೋಗುತ್ತೆ" ಅಂದೆ. ಒಂಬತ್ತು ತಿಂಗಳಾಯಿತು. ಪೇಂಟರ್‌ನ ಕೈ ಭುಜದಿಂದ ಮೇಲೆ ಏಳದಿದ್ದರೆ ಅರ್ಧ ಗೋಡೆ ಬಳಿದು ಬರಬೇಕೇನು? ಮೇಸ್ತ್ರಿ ನನ್ನ ಜಾಗಕ್ಕೆ ಬೇರೆಯವನನ್ನು ಇಟ್ಟುಕೊಂಡ.

ಚುಚ್ಚಿದವಳೇ ತಪ್ಪೊಪ್ಪಿ ಬರೆದುಕೊಟ್ಟರೆ ಪರಿಹಾರ ಬೇಗ ಸಿಗುತ್ತದಂತೆ. ಕೆಳಗೆ ನಿನ್ನ ಹೆಸರಿದೆ, ಸಹಿ ಹಾಕು. ಅತ್ತು ಕಾಗದ ಒದ್ದೆ ಮಾಡಬೇಡ, ಇನ್ನೊಂದು ಪ್ರತಿ ಇಲ್ಲ. ಅಮ್ಮನ ಕಿವಿಗೆ ಹಾಕಿ ಅವಳನ್ನು ರಾಜಿಗೆ ಕಳಿಸಲೂ ಬೇಡ. ಅವಳು ಯಾವತ್ತೂ ನಿನ್ನ ಪರವೇ.

ನರ್ಸ್‌ನ ಕೆಲಸ ಹೋಗಬಹುದು ಎಂದು ವಕೀಲರು ಮೊನ್ನೆ ಎರಡು ಸಲ ಎಚ್ಚರಿಸಿದರು. ಹೋಗಲಿ ಎಂದೆ. ಅವರು ಪೆನ್ನು ಕೆಳಗಿಟ್ಟು, "ಆಕೆ ನಿಮಗೆ ಏನಾಗಬೇಕು?" ಎಂದು ಕೇಳಿದರು.

"ಏನೂ ಆಗಬೇಕಿಲ್ಲ" ಎಂದೆ.